ಸೂಜಿ ಹೋಗುವುದು ಬೆನ್ನುಹುರಿಗಲ್ಲ

ಪ್ರಿಯ ಲೇಖಕರೇ,

ಲಿಂಫೋಮಾ (ದುಗ್ಧಗ್ರಂಥಿ ವ್ಯವಸ್ಥೆಯ ಕ್ಯಾನ್ಸರ್) ಪತ್ತೆಯಾದವರಿಗೆ ಮೂಳೆಮಜ್ಜೆ ಪರೀಕ್ಷೆ ಯಾಕೆ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಎರಡನೇ ಪ್ಯಾರಾದಲ್ಲೇ ಸಿಟ್ಟು ಬಂತು.

‘ಬೆನ್ನುಹುರಿಗೆ ಸೂಜಿ ಚುಚ್ಚಿ ಮಜ್ಜೆ ಹೀರುತ್ತಾರೆ’ ಎಂದಿದ್ದೀರಿ. ಇದು ಅಚ್ಚಾದರೆ ಅರಕಲಗೂಡಿನಿಂದ ಬಸ್ಸು ಹತ್ತಿ ಹಾಸನಕ್ಕೆ ಬಂದವರು ಸಹಿ ಹಾಕದೆ ವಾಪಸ್ ಹೋಗುತ್ತಾರೆ. ‘ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಗುತ್ತಂತೆ’ ಅನ್ನುವ ಮಾತು ಮೊದಲೇ ಇದೆ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಬೇರೆ, ಎರಡನ್ನೂ ಕಲಸಿಬಿಟ್ಟಿದ್ದೀರಿ. ಸೊಂಟದ ಹಿಂದೆ ಎರಡೂ ಪಕ್ಕ ಗುಳಿ ಬೀಳುತ್ತದಲ್ಲ, ಅಲ್ಲಿ ಬೆರಳಿಗೆ ಸಿಗುವ ಸೊಂಟದ ಮೂಳೆಯ ಗಟ್ಟಿ ಉಬ್ಬೇ ಸೂಜಿ ಹಾಕುವ ಜಾಗ. ಬೆನ್ನುಹುರಿ ಅಲ್ಲಿಲ್ಲ.

‘ಅರಿವಳಿಕೆ ಕೊಡುವುದರಿಂದ ನೋವೇ ಇರುವುದಿಲ್ಲ.’ ಸುಳ್ಳು. ಲಿಗ್ನೊಕೇನ್ ಚರ್ಮವನ್ನೂ ಮೂಳೆಯ ಮೇಲ್ಪೊರೆಯನ್ನೂ ಮರಗಟ್ಟಿಸುತ್ತದೆ, ಮೂಳೆಯ ಒಳಗನ್ನಲ್ಲ. ಸಿರಿಂಜ್ ಎಳೆಯುವ ಕೆಲವು ಸೆಕೆಂಡು ಜೋರಾಗಿ ಸೆಳೆಯುತ್ತದೆ. ಹಾಗಂತಲೇ ಬರೆಯಿರಿ.

‘ತೆಗೆದ ಮಜ್ಜೆಯನ್ನು ಲ್ಯಾಬಿಗೆ ಕಳಿಸುತ್ತಾರೆ.’ ಯಾವುದನ್ನು? ತೆಗೆಯುವುದು ಎರಡು. ಒಂದು, ಸಿರಿಂಜಿನಲ್ಲಿ ಬರುವ ದ್ರವ. ಸ್ಲೈಡಿಗೆ ಮೊದಲು ಎಳೆದ ಅರ್ಧ ಎಂ.ಎಲ್. ಸಾಕು, ಒಂದೇ ಸಲಕ್ಕೆ ಹೆಚ್ಚು ಎಳೆದರೆ ರಕ್ತ ಸೇರಿ ತೆಳುವಾಗುತ್ತದೆ. ಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿಗೆ ಆಮೇಲೆ ಎಳೆದು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಬೇಕು. ಇನ್ನೊಂದು, ಜಮ್‌ಶಿದಿ ಸೂಜಿ ತಿರುಗಿಸಿ ತೆಗೆಯುವ ಮೂಳೆಯ ತುಂಡು. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಕ್ಯಾಲ್ಸಿಯಂ ಕರಗಿಸಿ, ಆಮೇಲೆ ತೆಳ್ಳಗೆ ಕೊಯ್ಯಬೇಕು. ರಿಪೋರ್ಟಿಗೆ ದಿನಗಳಾಗುವುದು ಇದಕ್ಕೇ.

ಲಿಂಫೋಮಾದಲ್ಲಿ ಈ ತುಂಡಿನದೇ ಮುಖ್ಯ ಮಾತು. ನಿಧಾನಗತಿಯ ಬಗೆಯಾದ ಫಾಲಿಕ್ಯುಲರ್ ಲಿಂಫೋಮಾದ ಕೋಶಗಳು ಮೂಳೆಯೊಳಗಿನ ಸಣ್ಣ ಪಟ್ಟಿಗಳಿಗೆ ಅಂಟಿಕೊಂಡು, ನಾರಿನ ಜಾಲದಲ್ಲಿ ಸಿಕ್ಕಿಕೊಂಡಿರುತ್ತವೆ. ಎಷ್ಟು ಎಳೆದರೂ ಎಷ್ಟೋ ಸಲ ಸಿರಿಂಜಿಗೆ ಬರುವುದಿಲ್ಲ. ದ್ರವ ನಾರ್ಮಲ್, ತುಂಡಿನಲ್ಲಿ ರೋಗ: ಹೀಗೂ ಆಗುತ್ತದೆ. ನಾನು ಕಲಿಯುವಾಗ ನಮ್ಮ ಹಿರಿಯರು ಮೈಕ್ರೋಸ್ಕೋಪಿಗೆ ಕಣ್ಣಿಡುವ ಮೊದಲು ತುಂಡಿನ ಪಕ್ಕ ಸ್ಕೇಲ್ ಇಡಿಸುತ್ತಿದ್ದರು. 2 ಸೆಂಟಿಮೀಟರ್ ಇಲ್ಲದಿದ್ದರೆ ‘ರೋಗ ಇಲ್ಲ’ ಎಂದು ಬರೆಯಲು ಬಿಡುತ್ತಿರಲಿಲ್ಲ.

ಹಾಗಾಗಿ ‘ಪರೀಕ್ಷೆ ನಾರ್ಮಲ್ ಬಂದರೆ ಮಜ್ಜೆಗೆ ರೋಗ ತಲುಪಿಲ್ಲ ಎಂದೇ ಅರ್ಥ’ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಹಾಸನದ ಕಡೆ ಆಲೂಗಡ್ಡೆ ಹಾಕುವವರನ್ನು ಕೇಳಿ. ಅಂಗಮಾರಿ ಮೊದಲು ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಬೀಳುತ್ತದೆ, ಒಂದು ಗಿಡ ನೋಡಿ ಹೊಲ ಚೆನ್ನಾಗಿದೆ ಅಂದರೆ ನಗುತ್ತಾರೆ. ಮಜ್ಜೆಯಲ್ಲೂ ರೋಗ ಹಾಗೇ ಚೆದುರಿರಬಹುದು. ಇತ್ತ, ವಯಸ್ಸಾದವರ ಮಜ್ಜೆಯಲ್ಲಿ ರೋಗವಲ್ಲದ ಲಿಂಫೋಸೈಟ್ (ಒಂದು ಬಗೆಯ ಬಿಳಿರಕ್ತಕಣ) ಗುಂಪುಗಳೂ ಇರಬಹುದು. ಕೋಶದ ಗುರುತು ಹಿಡಿಯುವ ಇಮ್ಯುನೋ ಬಣ್ಣ ಹಾಕಿ ಬೇರ್ಪಡಿಸಬೇಕು.

ಇನ್ನು ‘ಪ್ರತಿಯೊಬ್ಬರಿಗೂ ಕಡ್ಡಾಯ’ ಅನ್ನುವುದು ಹಳೆಯ ಮಾತು. ಲಿಂಫೋಮಾ ಎಷ್ಟು ಹರಡಿದೆ ಎಂದು ಅಳೆಯುವ 2014ರ ಲುಗಾನೊ ವರ್ಗೀಕರಣದ ಪ್ರಕಾರ, ಪೆಟ್-ಸಿಟಿ (ರೋಗ ಇರುವ ಜಾಗ ಹೊಳೆಯುವಂತೆ ತೋರಿಸುವ ಸ್ಕ್ಯಾನ್) ಮಾಡಿಸಿದ ಹಾಡ್ಜ್‌ಕಿನ್ ಬಗೆಯ ಲಿಂಫೋಮಾ ರೋಗಿಗೆ ಸಾಮಾನ್ಯವಾಗಿ ಈ ಸೂಜಿ ಬೇಕಿಲ್ಲ. ಬೇಗ ಬೆಳೆಯುವ ಬಗೆಯಾದ ಡಿಫ್ಯೂಸ್ ಲಾರ್ಜ್ ಬಿ-ಸೆಲ್‌ನಲ್ಲಿ ಪೆಟ್ ಮಜ್ಜೆಯಲ್ಲಿ ರೋಗ ತೋರಿಸಿದರೆ ಅಷ್ಟೇ ಸಾಕು. ತೋರಿಸದೆ ಇದ್ದು, ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಬಯಾಪ್ಸಿ, ಅಂದರೆ ತುಂಡು ತೆಗೆಯುವ ಈ ಪರೀಕ್ಷೆ. ನಿಧಾನಗತಿಯ ಬಗೆಗಳಲ್ಲಿ ಪೆಟ್ ಕಣ್ತಪ್ಪಿಸಿಕೊಳ್ಳುವುದು ಹೆಚ್ಚು, ಅಲ್ಲಿ ಸೂಜಿಗೆ ಕೆಲಸ ಇದ್ದೇ ಇದೆ. ಪೆಟ್ ಚಿತ್ರದಲ್ಲಿ ಮಜ್ಜೆಯೆಲ್ಲ ಒಂದೇ ಸಮ ಹೊಳೆದರೆ ಗಾಬರಿಯೂ ಬೇಡ. ರಕ್ತಹೀನತೆ ಇದ್ದರೆ, ಬಿಳಿರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಆಗಿದ್ದರೆ ಹಾಗೆ ಕಾಣುತ್ತದೆ.

ನೀವು ಕಳಿಸಿದ ಬೆನ್ನುಮೂಳೆಯ ಚಿತ್ರ ತೆಗೆದು, ಸೊಂಟದ ಮೂಳೆಯದು ಬರೆಸುತ್ತಿದ್ದೇನೆ. ಉಳಿದದ್ದನ್ನು ಶುಕ್ರವಾರದೊಳಗೆ ತಿದ್ದಿ ಕಳಿಸಿ.

ಸಂಪಾದಕ