ಬಿಟ್ಟುಹೋದ ಬಡಿತದ ಹಿಂದೆ, ಮುಂದೆ

ನಮಸ್ಕಾರ.

ಇಸಿಜಿ ಓದಲು ಕಲಿಯುತ್ತಿರುವವರಿಗೆಂದು ನೀವು ಕಳಿಸಿದ ಹಾರ್ಟ್ ಬ್ಲಾಕ್ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

‘ಬ್ಲಾಕ್’ ಎಂದ ಕೂಡಲೇ ಬಹಳ ಓದುಗರಿಗೆ ನೆನಪಾಗುವುದು ರಕ್ತನಾಳ ಕಟ್ಟಿಕೊಂಡದ್ದು, ಸ್ಟೆಂಟ್ ಹಾಕಿಸಿದ್ದು. ನಿಮ್ಮ ವಿಷಯ ಅದಲ್ಲ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಇಳಿಯುವ ವಿದ್ಯುತ್ ಸಂಕೇತ ತಡವಾಗುವುದು ಅಥವಾ ತಲುಪದೇ ಹೋಗುವುದು. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ.

ಎಲ್ಲ ಬಗೆಗೂ ಒಂದೇ ಅಳತೆಯ ಪ್ಯಾರಾ ಏಕೆ? ಸಂಕೇತ ತಡವಾಗಿಯಾದರೂ ತಲುಪುವ ಫಸ್ಟ್ ಡಿಗ್ರಿಗೆ ಎರಡು ಸಾಲು ಸಾಕು: ಪ್ರತಿ ಪಿ ಅಲೆಯ (ಹೃತ್ಕರ್ಣದ ಗುರುತು) ಬೆನ್ನಿಗೇ ಕ್ಯೂಆರ್‌ಎಸ್ (ಹೃತ್ಕುಕ್ಷಿಯ ಗುರುತು) ಇದೆ, ಪಿಆರ್ ಅಂತರ (ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗೆ) ಮಾತ್ರ 0.20 ಸೆಕೆಂಡ್, ಅಂದರೆ ಇಸಿಜಿ ಕಾಗದದ 5 ಸಣ್ಣ ಚೌಕ ದಾಟಿದೆ. ಕಲಿಯುವವರು ಎಡವುವುದು ಕೆಲವು ಸಂಕೇತಗಳು ಮಾತ್ರ ತಲುಪದೇ ಹೋಗುವ ಸೆಕೆಂಡ್ ಡಿಗ್ರಿಯಲ್ಲಿ. ಅಲ್ಲಿ ಒಂದು ಇಸಿಜಿ ಪಟ್ಟಿಯನ್ನೇ ಮುಂದಿಟ್ಟು ಎಣಿಸಿ ತೋರಿಸಿ. ಪಿಆರ್ 5 ಚೌಕ, ಆಮೇಲೆ 7, ಆಮೇಲೆ 8, ನಂತರ ಒಂಟಿ ಪಿ, ಕ್ಯೂಆರ್‌ಎಸ್ ಇಲ್ಲ, ಮತ್ತೆ 5. ಇದು ಸೆಕೆಂಡ್ ಡಿಗ್ರಿಯ ಮೊದಲ ಬಗೆ, ಮೊಬಿಟ್ಜ್ 1 ಅಥವಾ ವೆಂಕೆಬಾಕ್. ಎಷ್ಟೋ ಸಲ ಈ ಹೆಚ್ಚಳ ಬರಿಗಣ್ಣಿಗೆ ತಿಳಿಯುವುದಿಲ್ಲ. ಬಿಟ್ಟುಹೋದ ಬಡಿತದ ಹಿಂದಿನ ಪಿಆರ್, ಮುಂದಿನ ಪಿಆರ್ ಎರಡನ್ನೂ ಅಳೆಯಬೇಕು. ಮುಂದಿನದು ಚಿಕ್ಕದಾಗಿದ್ದರೆ ಮೊಬಿಟ್ಜ್ 1, ಎರಡೂ ಸಮವಿದ್ದರೆ ಮೊಬಿಟ್ಜ್ 2. ನಿಮ್ಮ ಲೇಖನದಲ್ಲಿ ಇಲ್ಲದಿರುವುದು ಇದೇ. ಮೊದಲನೆಯದು ನಿದ್ದೆಯಲ್ಲಿರುವ ಆರೋಗ್ಯವಂತರಲ್ಲೂ ಕಾಣಬಹುದು; ಎರಡನೆಯದು ಇದ್ದಕ್ಕಿದ್ದಂತೆ ಪೂರ್ಣ ಬ್ಲಾಕ್‌ಗೆ ತಿರುಗಬಹುದು, ಸಾಮಾನ್ಯವಾಗಿ ಪೇಸ್‌ಮೇಕರ್ ಬೇಕಾಗುತ್ತದೆ. ವೈದ್ಯ ವೆಂಕೆಬಾಕ್ 1899ರಲ್ಲೇ ಮೊದಲ ಬಗೆಯನ್ನು ವಿವರಿಸಿದ ಸಂಗತಿಯನ್ನು ನೀವು ಕೊನೆಯಲ್ಲೆಲ್ಲೋ ತುರುಕಿದ್ದೀರಿ. ಅದನ್ನು ಇಲ್ಲಿಗೆ ತನ್ನಿ. ಅವರ ಕೈಯಲ್ಲಿ ಇಸಿಜಿ ಇರಲಿಲ್ಲ, ನಾಡಿಬಡಿತದ ದಾಖಲೆಯನ್ನು ಅಳೆದೇ ಕಂಡುಕೊಂಡರು.

‘2:1 ಇದ್ದರೆ ಮೊಬಿಟ್ಜ್ 2’ ಎಂದು ಬರೆದದ್ದು ತಪ್ಪು. ಒಂದು ಬಿಟ್ಟು ಒಂದು ಬಡಿತ ಹೋದಾಗ, ಸಾಲಾಗಿ ಹೋಲಿಸಲು ಎರಡು ಪಿಆರ್ ಸಿಗುವುದೇ ಇಲ್ಲ. ಆ ತುಣುಕಿನಿಂದ ಯಾವ ಬಗೆಯೆಂದು ಹೇಳಲಾಗದು. ಉದ್ದನೆಯ ರಿದಮ್ ಸ್ಟ್ರಿಪ್, ಅಂದರೆ ಹೆಚ್ಚು ಹೊತ್ತಿನ ಇಸಿಜಿ ಪಟ್ಟಿ ಬೇಕು.

ಕೊನೆಗೆ ನಿಮ್ಮ ಮೂರನೇ ಚಿತ್ರ. ಪಿಆರ್ ಬದಲಾಗುತ್ತಿರುವುದನ್ನು ಕಂಡು ವೆಂಕೆಬಾಕ್ ಎಂದು ಅಡಿಬರಹ ಕೊಟ್ಟಿದ್ದೀರಿ. ನಾನು ಕಾಗದದ ಅಂಚಿನಲ್ಲಿ ಪಿ ಅಲೆಗಳ ಗುರುತು ಹಾಕಿಕೊಂಡು ಸರಿಸುತ್ತಾ ಹೋದೆ. ಪಿಗಳೆಲ್ಲ ಸಮದೂರ, ಒಂದು ಮಾತ್ರ ಕ್ಯೂಆರ್‌ಎಸ್ ನಂತರದ ಟಿ ಅಲೆಯೊಳಗೆ ಅಡಗಿದೆ. ಕ್ಯೂಆರ್‌ಎಸ್‌ಗಳೂ ತಮ್ಮ ಪಾಡಿಗೆ ಸಮದೂರ, ನಿಧಾನ. ವೆಂಕೆಬಾಕ್ ಆಗಿದ್ದರೆ ಅವು ಗುಂಪುಗುಂಪಾಗಿ ಬರುತ್ತಿದ್ದವು. ಇದು ಥರ್ಡ್ ಡಿಗ್ರಿ, ಅಂದರೆ ಪೂರ್ಣ ಬ್ಲಾಕ್. ಚಿತ್ರ ತುಂಬಾ ಚೆನ್ನಾಗಿದೆ, ಬದಲಾಯಿಸಬೇಡಿ. ಅಡಿಬರಹ ತಿದ್ದಿ, ಆ ಟಿ ಅಲೆಗೆ ಒಂದು ಬಾಣದ ಗುರುತು ಹಾಕಿ ಕಳಿಸಿ.