ಡಿ-ಡೈಮರ್: ಬೆರಳ ತುದಿಯ ರಕ್ತದಲ್ಲಿ 430, ತೋಳಿನ ರಕ್ತದಲ್ಲಿ 860!

ಪ್ರಶ್ನೆ: ಅಮ್ಮನಿಗೆ 62 ವರ್ಷ. ನಿನ್ನೆಯಿಂದ ಎಡಗಾಲಿನ ಮೀನಖಂಡ ಊದಿಕೊಂಡು ನೋಯುತ್ತಿದೆ. ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಬೆರಳಿಗೆ ಚುಚ್ಚಿ ರ‍್ಯಾಪಿಡ್ ಟೆಸ್ಟ್ ಮಾಡಿದರು. ರಕ್ತ ಹೆಪ್ಪುಗಟ್ಟಿರಬಹುದೇ ಎಂದು ಸುಳಿವು ಕೊಡುವ ಡಿ-ಡೈಮರ್ 430 ಡಿಡಿಯು ಬಂತು. ಸಂಜೆ ಲ್ಯಾಬ್‌ನಲ್ಲಿ ತೋಳಿನಿಂದ ರಕ್ತ ತೆಗೆದರೆ 860 ಎಫ್‌ಇಯು. ಯಾವುದನ್ನು ನಂಬಬೇಕು ಡಾಕ್ಟ್ರೇ?

ಉತ್ತರ: ಮೊದಲು ಅಮ್ಮನ ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಇವತ್ತೇ ಮಾಡಿಸಿ. ಎಣ್ಣೆ ಹಚ್ಚಿ ನೀವಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಈಗ ರಿಪೋರ್ಟ್ ವಿಷಯ. ನಿಮ್ಮ ಎರಡೂ ರಿಪೋರ್ಟ್ ಒಂದೇ ಮಾತು ಹೇಳುತ್ತಿವೆ. ಡಿಡಿಯು, ಎಫ್‌ಇಯು ಅನ್ನೋದು ಬೇರೆ ಬೇರೆ ಅಳತೆ. ಎಫ್‌ಇಯುನಲ್ಲಿ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟು ಬರುತ್ತದೆ. ಎಫ್‌ಇಯು ಲೆಕ್ಕದಲ್ಲಿ ಸಾಮಾನ್ಯ ಮಿತಿ 500. ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸುವ ರೂಢಿಯೂ ಇದೆ. ಅಮ್ಮನಿಗೆ ಅದು 620. ಹಾಗೆ ನೋಡಿದರೂ 860 ಜಾಸ್ತಿಯೇ.

ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರೇ ಡಿ-ಡೈಮರ್. ಸೋಂಕು, ಆಪರೇಷನ್, ಬಸಿರು, ಕ್ಯಾನ್ಸರ್, ಇವುಗಳಲ್ಲೂ ಏರುತ್ತದೆ. ಅದಕ್ಕೇ ಜಾಸ್ತಿ ಬಂದ ಮಾತ್ರಕ್ಕೆ ಕಾಲಿನಲ್ಲಿ ಹೆಪ್ಪು ಇದೆ ಅಂತಲ್ಲ.

ಆದರೆ ಸ್ಯಾಂಪಲ್ ಸರಿಯಿಲ್ಲದಿದ್ದರೆ ಎಂಥ ಮೆಷಿನ್ ಇದ್ದೂ ಉಪಯೋಗವಿಲ್ಲ. ಲ್ಯಾಬ್‌ನ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಸಿಟ್ರೇಟ್ ದ್ರವ ಇರುತ್ತದೆ. ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಬೀಳಬೇಕು. ಗೆರೆಯವರೆಗೆ ತುಂಬದಿದ್ದರೆ ರಕ್ತ ತೆಳುವಾಗಿ ಸಂಖ್ಯೆ ಕಡಿಮೆ ಬರುತ್ತದೆ. ತೆಗೆದ ತಕ್ಷಣ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಇಲ್ಲದಿದ್ದರೆ ಒಳಗೇ ಹೆಪ್ಪುಗಟ್ಟುತ್ತದೆ. ನಾವು ಕಡ್ಡಿ ಆಡಿಸಿ ನೋಡುತ್ತೇವೆ. ನೂಲಿನಷ್ಟು ಹೆಪ್ಪು ಕಡ್ಡಿಗೆ ಅಂಟಿಕೊಂಡು ಬಂದರೂ ಆ ಸ್ಯಾಂಪಲ್ ಬೇಡ, ಮತ್ತೆ ತೆಗೆಯಬೇಕು.

ಬೆರಳಿನಲ್ಲಿ ಬೇರೆ ತೊಂದರೆ. ರಕ್ತ ಬರಲಿಲ್ಲ ಅಂತ ಹಿಂಡಿದರೆ ಚರ್ಮದಡಿಯ ನೀರೂ ಸೇರಿಕೊಳ್ಳುತ್ತದೆ, ಹೆಪ್ಪುಗಟ್ಟುವುದೂ ಬೇಗ ಶುರುವಾಗುತ್ತದೆ. ಎಲ್ಲ ಕಿಟ್‌ಗೂ ಬೆರಳಿನ ರಕ್ತ ಆಗುವುದಿಲ್ಲ. ಕೆಲವಕ್ಕೆ ಪ್ಲಾಸ್ಮಾನೇ ಬೇಕು, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ.

ರ‍್ಯಾಪಿಡ್ ಟೆಸ್ಟ್‌ನ ದೊಡ್ಡ ಅನುಕೂಲ ಅಂದರೆ ಕೆಲವೇ ನಿಮಿಷದಲ್ಲಿ ಉತ್ತರ. ದೂರದ ಊರಿನಲ್ಲಿ ಅದು ನಿಜಕ್ಕೂ ಕೈಹಿಡಿಯುತ್ತದೆ. ಕಣ್ಣಲ್ಲಿ ಗೆರೆ ನೋಡಿ ಹೇಳುವ ಕಿಟ್‌ಗಿಂತ ಮೆಷಿನ್ ಓದುವ ಕಿಟ್ ಮೇಲು, ಮಸುಕು ಗೆರೆ ಕಣ್ತಪ್ಪುತ್ತದಲ್ವಾ. ಆದರೂ ಅಮ್ಮನ ಹಾಗೆ ಒಂದೇ ಕಾಲು ಊದಿ ಡಾಕ್ಟರಿಗೆ ಬಲವಾದ ಅನುಮಾನ ಬಂದಾಗ, ರ‍್ಯಾಪಿಡ್ ಟೆಸ್ಟ್ ನಾರ್ಮಲ್ ಅಂದರೂ ನಾನು ಡಾಪ್ಲರ್ ಬಿಡುವುದಿಲ್ಲ.