ತನ್ನ ಮುಖವನ್ನೇ ಮಾಡೋದು ಅಹಂಕಾರವಾ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಇಷ್ಟು: ಕಳೆದ ಸಂಚಿಕೆಯಲ್ಲಿ ಅಮೆರಿಕದ ಶಿಲ್ಪಿ ರಾಬರ್ಟ್ ಆರ್ನೆಸನ್ ಮಣ್ಣಿನಲ್ಲಿ ಮಾಡಿದ ತಮ್ಮದೇ ತಲೆಗಳ ಚಿತ್ರ ಹಾಕಿದ್ದೀರಿ. ಮತ್ತೆ ಮತ್ತೆ ತನ್ನನ್ನೇ ಮಾಡಿಕೊಳ್ಳೋದು ಸೆಲ್ಫಿ ಹುಚ್ಚಲ್ಲದೆ ಮತ್ತೇನು? ನಮ್ಮೂರ ಗಣಪತಿ ಮಾಡುವವರು ಎಂದಾದರೂ ತಮ್ಮ ಮುಖ ಮಾಡಿದ್ದುಂಟಾ? ಈಗ ನನ್ನ ಮೊಮ್ಮಗಳೂ ತನ್ನ ತಲೆ ಮಾಡಲು ಕೂತಿದ್ದಾಳೆ. ಮೂಗು ಆಲೂಗಡ್ಡೆ ಥರ ಇದೆ. ಇಂಥವು ಇನ್ನು ಬೇಡ.

ಮಾನ್ಯರೇ,

ಸೆಲ್ಫಿಯ ಮಾತು ಆರ್ನೆಸನ್ ಅವರಿಗೆ ಒಪ್ಪುವುದಿಲ್ಲ. ಸೆಲ್ಫಿಯಲ್ಲಿ ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತೇವೆ, ಅಲ್ವಾ? ಈ ಮನುಷ್ಯ ಅಳಿಸುವಂಥದ್ದನ್ನೇ ಹುಡುಕಿ ಮಾಡಿದರು.

1981ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿ ಸೆರಾಮಿಕ್ ಶಿಲ್ಪಗಳ ಪ್ರದರ್ಶನ ನಡೆಯಿತು. ಅಲ್ಲಿದ್ದ ಅವರ ಕೆಲಸವನ್ನು ವಿಮರ್ಶಕ ಹಿಲ್ಟನ್ ಕ್ರೇಮರ್ ಚೆನ್ನಾಗಿ ಜಾಡಿಸಿದರು. ಜೊತೆಗೆ ಕ್ಯಾಲಿಫೋರ್ನಿಯಾಕ್ಕೂ ಏಟು ಬಿತ್ತು. ಆರ್ನೆಸನ್ ಹುಟ್ಟಿದ್ದು, ಪಾಠ ಹೇಳಿದ್ದು ಎಲ್ಲಾ ಅಲ್ಲೇ. ಬೇರೆಯವರಾಗಿದ್ದರೆ ಪತ್ರಿಕೆಗೆ ಖಾರವಾದ ಪತ್ರ ಬರೆಯುತ್ತಿದ್ದರು (ಬರೆಯುವುದು ತಪ್ಪೇನಲ್ಲ, ನಮಗೆ ಪುಟ ತುಂಬುತ್ತದೆ). ಇವರು 1982ರಲ್ಲಿ ‘ಕ್ಯಾಲಿಫೋರ್ನಿಯಾ ಆರ್ಟಿಸ್ಟ್’ ಮಾಡಿದರು. ಎದೆ ಬಿಟ್ಟುಕೊಂಡು ಜೀನ್ಸ್ ಜಾಕೆಟ್ ತೊಟ್ಟು, ಕೈಕಟ್ಟಿ ನಿಂತ ಗಡ್ಡದ ಮನುಷ್ಯ, ಅಂದರೆ ತಾವೇ. ಪೀಠದಲ್ಲಿ ಬಿಯರ್ ಬಾಟಲಿ, ಗಾಂಜಾ ಗಿಡ. ಕಣ್ಣಿಗೆ ತಂಪು ಕನ್ನಡಕ. ಗಾಜಿರಬೇಕಾದ ಜಾಗದಲ್ಲಿ ತೂತು. ಇಣುಕಿದರೆ ತಲೆಯೊಳಗೆ ಏನೂ ಇಲ್ಲ! ನೀವು ಅಂದುಕೊಂಡಿರೋದು ಇದೇ ತಾನೇ, ತಗೊಳ್ಳಿ ಎಂದಂತಿದೆ.

ಈ ತಮಾಷೆ ಮಣ್ಣಿನಲ್ಲೇ ಆಗಬೇಕಿತ್ತು. ಸುಡುವ ಮಣ್ಣಿನ ತಲೆ ಯಾರದ್ದೇ ಇರಲಿ, ಸಾಮಾನ್ಯವಾಗಿ ಒಳಗೆ ಟೊಳ್ಳು ಮಾಡುತ್ತಾರೆ. ದಪ್ಪಗೆ ಬಿಟ್ಟರೆ ನಡುವೆ ಉಳಿದ ನೀರು ಆವಿಯಾಗಿ ಭಟ್ಟಿಯಲ್ಲೇ ಸಿಡಿದುಹೋಗಬಹುದು. ಉಳಿದವರು ಮುಚ್ಚಿಡುವ ಆ ಟೊಳ್ಳನ್ನು ಆರ್ನೆಸನ್ ಕಣ್ಣಿನ ಜಾಗದಲ್ಲೇ ತೆರೆದಿಟ್ಟರು. ನೋಡುವವರಿಗೆ ಸಿಗುವುದು ಹೊರಗಿನ ಗೋಡೆ ಮಾತ್ರ. ಅದರ ಮೇಲೂ ಅರ್ಧ ಭಾಗ ಬೇರೆಯವರು ತಮ್ಮ ಬಗ್ಗೆ ಆಡಿದ ಮಾತನ್ನೇ ಮೆತ್ತಿದ್ದಾರೆ. ಅಹಂಕಾರದವರು ಇಷ್ಟು ದೂರ ಹೋಗುವುದಿಲ್ಲ.

ಇನ್ನು ಗಣಪತಿಯ ವಿಷಯ. ಅವರು ತಮ್ಮ ಮುಖ ಮಾಡುವುದಿಲ್ಲ, ನಿಜ. ಆದರೆ ಸಾಲಾಗಿಟ್ಟ ಗಣಪತಿಗಳನ್ನು ನೋಡಿ ‘ಇದು ಇಂಥವರ ಕೈ’ ಎಂದು ಹೇಳುವವರು ನಿಮ್ಮೂರಲ್ಲೂ ಇರುತ್ತಾರೆ. ಮುಖ ದೇವರದು, ಸೊಂಡಿಲು ತಿರುಗಿಸಿದ ರೀತಿ ಮಾಡಿದವರದು. ಬ್ರಿಟನ್ನಿನ ಶಿಲ್ಪಿ ಆಂಟನಿ ಗಾರ್ಮ್ಲಿ ಈ ಕೈಯನ್ನೇ ನಂಬಿ ದೊಡ್ಡ ಕೆಲಸ ಮಾಡಿಸಿದರು. 2003ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಸುಮಾರು 350 ಜನರಿಗೆ ಮಣ್ಣು ಕೊಟ್ಟರು. ಹೇಳಿದ್ದಿಷ್ಟೇ: ಗೊಂಬೆ ಕೈಯಲ್ಲಿ ಹಿಡಿಯುವಷ್ಟಿರಲಿ, ತಾನಾಗಿ ನಿಲ್ಲಲಿ, ಎರಡು ಕಣ್ಣಿರಲಿ. ಮೂಗು, ಬಾಯಿ ಏನೂ ಬೇಡ. ಹಾಗೆ ಎದ್ದ ಸುಮಾರು 2 ಲಕ್ಷ ಗೊಂಬೆಗಳೇ ‘ಏಷ್ಯನ್ ಫೀಲ್ಡ್’. ಮಾಡಿದವರ ಫೋಟೊ ಜೊತೆ ಅವರ ಗೊಂಬೆಯ ಫೋಟೊವನ್ನೂ ಇಟ್ಟರು. ಹೇಳಿದ್ದು ಎಲ್ಲರಿಗೂ ಒಂದೇ, ಬಂದದ್ದು ಒಬ್ಬೊಬ್ಬರದು ಒಂದೊಂದು ಥರ. ಕೆಲಸ ಊರಿನವರದು, ಹೆಸರು ಮಾತ್ರ ಗಾರ್ಮ್ಲಿಯವರದು ಎಂಬ ತಕರಾರು ನಮಗಿದೆ. ಅದು ಬೇರೆ ಮಾತು.

ಮೊಮ್ಮಗಳು ಮಾಡಿದ ಮಣ್ಣಿನ ತಲೆಯನ್ನು ಸುಡಿಸುವ ಯೋಚನೆ ಇದ್ದರೆ ಸುಮ್ನೆ ಒಣಗಲು ಬಿಡಬೇಡಿ. ಮಣ್ಣು ಸ್ವಲ್ಪ ಬಿಗಿಯಾದಾಗ ತಂತಿಯಿಂದ ಎರಡು ಹೋಳು ಮಾಡಿ. ಒಂದು ಬೆರಳು ದಪ್ಪ ಬಿಟ್ಟು ಒಳಗಿನದನ್ನು ಕೆರೆದು ತೆಗೆಯಿರಿ. ಅಂಚುಗಳನ್ನು ಗೀರಿ, ನೀರು ಮಣ್ಣು ಕಲಸಿ ಹಚ್ಚಿ ಮತ್ತೆ ಕೂಡಿಸಿ. ಕೆಳಗೊಂದು ತೂತಿರಲಿ. ನೆರಳಲ್ಲಿ, ಮೇಲೆ ಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸಿ. ಒಣಗಿ ಸುಟ್ಟ ಮೇಲೆ ಸುಮಾರು ಶೇ. 10ರಷ್ಟು ಕುಗ್ಗುತ್ತದೆ. ಆ ಮೂಗೂ ಅಷ್ಟು ಸಣ್ಣದಾಗುತ್ತದೆ, ತಿದ್ದಲು ಹೋಗಬೇಡಿ.

‘ಇಂಥವು ಇನ್ನು ಬೇಡ’ ಎಂದಿದ್ದೀರಿ. ಅದೊಂದನ್ನು ಮಾತ್ರ ನಡೆಸಿಕೊಡಲಾರೆವು. ಮುಂದಿನ ತಿಂಗಳು ಗುಜರಾತಿನಲ್ಲಿ ಹುಟ್ಟಿದ ಹಿಮ್ಮತ್ ಶಾ ಅವರ ಟೆರಾಕೋಟಾ ತಲೆಗಳ ಚಿತ್ರ ಬರುತ್ತಿದೆ. ಅವುಗಳ ಬಗ್ಗೆ ನಿಮ್ಮ ತಕರಾರು ಇನ್ನೂ ಜಾಸ್ತಿ ಇರಬಹುದು. ಬರೆಯಿರಿ.

– ಸಂ.